ಕರಗಿದ ಲೋಹದೊಳಗೆ ಒಂದು ಗುಳ್ಳೆ

ಮಕ್ಕಳೇ, ಕಾದ ಕಾವಲಿಯ ಮೇಲೆ ದೋಸೆ ಹುಯ್ದಾಗ ಸಣ್ಣ ಸಣ್ಣ ತೂತು ಮೂಡುವುದನ್ನು ನೋಡಿದ್ದೀರಲ್ಲ? ಹಿಟ್ಟಿನೊಳಗಿನ ಆವಿ ಹೊರಬಂದ ದಾರಿ ಅದು. ದೋಸೆಗೆ ತೂತಿದ್ದರೆ ಚೆಂದ. ವಿಮಾನದ ಬಿಡಿಭಾಗದೊಳಗೆ, ಇಲ್ಲವೇ ಅಜ್ಜಿಯ ಸೊಂಟದ ಕೀಲಿಗೆ ಕೂರಿಸಿದ ಟೈಟಾನಿಯಂ ಬಟ್ಟಲಿನೊಳಗೆ ಇದ್ದರೆ? ಮತ್ತೆ ಮತ್ತೆ ಭಾರ ಬಿದ್ದಾಗ ಬಿರುಕು ಶುರುವಾಗುವುದು ಇಂಥ ಕಾಣದ ಗುಳ್ಳೆಯಿಂದಲೇ.

ಇಂಥ ಭಾಗಗಳನ್ನು ಈಗ ತ್ರೀಡಿ ಪ್ರಿಂಟರ್‌ನಲ್ಲಿ ಮಾಡುವುದುಂಟು. ರಂಗೋಲಿ ಪುಡಿಗಿಂತ ನಯವಾದ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸಿ, ಮೇಲೆ ಇನ್ನೊಂದು ಪದರ ಹರಡುತ್ತಾರೆ. ಲೇಸರ್ ಬಿದ್ದಲ್ಲಿ ಲೋಹ ಕುದಿದು ಆವಿಯೂ ಆಗುತ್ತದೆ. ಆ ಆವಿ ಕರಗಿದ ಲೋಹವನ್ನು ಒತ್ತಿ, ಕಿರಿದಾದ ಕುಳಿ ಮಾಡುತ್ತದೆ. ಕುಳಿಯ ತಳ ತುಂಡಾಗಿ ಮುಚ್ಚಿಕೊಂಡರೆ ಅನಿಲ ಒಳಗೇ ಸಿಕ್ಕಿಬೀಳುತ್ತದೆ. ಅದೇ ಗುಳ್ಳೆ.

ಇದೆಲ್ಲ ನಡೆಯುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ, ಅದೂ ಲೋಹದ ಒಳಗೆ. ಮಾಮೂಲಿ ಕ್ಯಾಮೆರಾಕ್ಕೆ ಮೇಲಿನ ಕಿಡಿಯಷ್ಟೇ ಕಾಣುತ್ತದೆ. ಆಸ್ಪತ್ರೆಯ ಎಕ್ಸ್‌ರೇ ಇಷ್ಟು ಅವಸರದ ಚಿತ್ರಕ್ಕೆ ಸಾಲದು.

ಷಿಕಾಗೊ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1,104 ಮೀಟರ್ ಸುತ್ತಳತೆಯ ಒಂದು ಉಂಗುರವಿದೆ. ನಾವು ಅದನ್ನೊಮ್ಮೆ ಸುತ್ತಿ ಬರಲು ಕಾಲು ಗಂಟೆ ಬೇಕು. ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 2,71,000 ಸುತ್ತು ಹಾಕುತ್ತವೆ! ಹಾಗೆ ಸುತ್ತುತ್ತ ಅತಿ ಪ್ರಖರವಾದ ಎಕ್ಸ್‌ರೇ ಹೊಮ್ಮಿಸುತ್ತವೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೂ ಆರ್ಗಾನ್‌ನವರೂ ಸೇರಿ ಟೈಟಾನಿಯಂ ಮಿಶ್ರಲೋಹದ ತೆಳು ತುಂಡಿಗೆ ಮೇಲಿನಿಂದ ಲೇಸರ್ ಬಿಟ್ಟು, ಪಕ್ಕದಿಂದ ಈ ಎಕ್ಸ್‌ರೇ ಹಾಯಿಸಿದರು. ತೂರಿ ಬಂದ ಕಿರಣವನ್ನು ಒಂದು ಹರಳು ಕಣ್ಣಿಗೆ ಕಾಣುವ ಬೆಳಕಾಗಿಸುತ್ತದೆ; ಕ್ಯಾಮೆರಾ ಹಿಡಿಯುವುದು ಆ ಬೆಳಕನ್ನು. ಸೆಕೆಂಡಿಗೆ 50,000 ಚಿತ್ರ ತೆಗೆದರೆಂದುಕೊಳ್ಳಿ. ಅದನ್ನು ಸೆಕೆಂಡಿಗೆ 25ರಂತೆ ನೋಡಿದರೆ ಒಂದೇ ಸೆಕೆಂಡಿನ ಘಟನೆಗೆ ಎಷ್ಟು ಹೊತ್ತು ಬೇಕು? (ಅಪ್ಪನ ಫೋನ್ ಮುಟ್ಟದೆ ಲೆಕ್ಕ ಮಾಡಿ.) 33 ನಿಮಿಷ!

2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ನನಗಂತೂ ಅಚ್ಚರಿ ತಂದಿತು. ಲೇಸರ್ ಶಕ್ತಿ ಅತಿಯಾದಾಗಷ್ಟೇ ಕುಳಿ ಬೀಳುತ್ತದೆ ಎಂದು ಅನೇಕರು ತಿಳಿದಿದ್ದರು. ನೋಡಿದರೆ, ಈ ಮುದ್ರಣದಲ್ಲಿ ಬಳಸುವ ಬಹುತೇಕ ಎಲ್ಲ ಶಕ್ತಿ, ವೇಗಗಳಲ್ಲೂ ಕುಳಿ ಇದ್ದೇ ಇತ್ತು. ಅದು ನೆಟ್ಟಗೆ ನಿಂತರೆ ತೊಂದರೆಯಿಲ್ಲ. ಲೇಸರ್ ನಿಧಾನವಾಗಿ ಸಾಗಿ ಶಕ್ತಿ ಹೆಚ್ಚಾದರೆ ಕುಳಿ ಆಳಕ್ಕಿಳಿದು, ತೊನೆದಾಡಿ, ಗುಳ್ಳೆ ಬಿಡುತ್ತದೆ.

ಪ್ರತಿ ಕಾರ್ಖಾನೆಯಲ್ಲೂ ಇಂಥ ಉಂಗುರ ಕಟ್ಟಲಾಗದು. ಅದಕ್ಕೇ ಎಕ್ಸ್‌ರೇ ಜೊತೆಗೇ ಶಾಖ ಗುರುತಿಸುವ ಕ್ಯಾಮೆರಾ ಇಟ್ಟು, ಗುಳ್ಳೆ ಹುಟ್ಟುವಾಗ ಮೇಲಿನ ಹೊಳಪು ಹೇಗೆ ಮಿನುಗುತ್ತದೆಂದು ಕಂಪ್ಯೂಟರಿಗೆ ಕಲಿಸಿದ್ದಾರೆ. 2023ರಲ್ಲಿ ಪ್ರಕಟವಾದ ಈ ಕೆಲಸ ಪೂರ್ತಿ ಫಲಿಸಿದರೆ, ಉಂಗುರವಿಲ್ಲದ ಕಾರ್ಖಾನೆಗೂ ಗುಳ್ಳೆ ಎಲ್ಲಿ ಬಿತ್ತೆಂದು ಆಗಲೇ ಗೊತ್ತಾಗುತ್ತದೆ, ಮುಂದಿನ ಪದರ ಹರಡುವ ಮೊದಲೇ.