ಬಿಳಿ ಚಿಕನ್ ಕಡಾಹಿ: ರುಚಿಯ ಗುಟ್ಟು ಕ್ರೀಮಿನಲ್ಲಿಲ್ಲ, ಉರಿಯಲ್ಲಿದೆ

ಪಾಕಿಸ್ತಾನದ ಅಡುಗೆಯೆಂದರೆ ಕೆಂಪು ಬಣ್ಣ, ತೇಲುವ ಎಣ್ಣೆ, ಹತ್ತಾರು ಮಸಾಲೆ ಎಂಬ ಭಾವನೆ ಸಾಮಾನ್ಯ. ಆದರೆ ಅಲ್ಲಿನ ನಗರಗಳ ಹೋಟೆಲುಗಳಲ್ಲಿ ಜನಪ್ರಿಯವಾಗಿರುವ ‘ವೈಟ್ ಕಡಾಹಿ’ಗೆ ಅರಿಶಿನ, ಕೆಂಪು ಮೆಣಸಿನ ಪುಡಿ, ಟೊಮೆಟೊ ಬೇಕಿಲ್ಲ. ಖಾರ ಬರುವುದು ಹಸಿಮೆಣಸಿನಕಾಯಿ ಮತ್ತು ಕಾಳುಮೆಣಸಿನಿಂದ, ಹುಳಿ ಮೊಸರಿನಿಂದ. ಪದಾರ್ಥಗಳು ಕಡಿಮೆಯಾದರೂ ಮನೆಯಲ್ಲಿ ಮಾಡಿದಾಗ ಮೊಸರು ಒಡೆದು, ನೀರು ಬೇರೆ, ಗಟ್ಟಿ ಬೇರೆಯಾಗುವುದುಂಟು. ಒಂದು ಕಿಲೋ ಮಾಂಸದ ಖರ್ಚು, ಒಂದು ಗಂಟೆಯ ಶ್ರಮ ಎರಡೂ ವ್ಯರ್ಥ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ.

ಪಾತ್ರೆಯೇ ಹೆಸರು

ಕಡಾಹಿ ಎಂದರೆ ಬಾಣಲೆ. ಪಾತ್ರೆಯ ಹೆಸರೇ ಖಾದ್ಯಕ್ಕೂ ಬಂದಿದೆ. ಪೇಶಾವರದ ನಮಕ್ ಮಂಡಿಯಲ್ಲಿ ಕುರಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ, ಉಪ್ಪಿನೊಂದಿಗೆ ಬೇಯಿಸುವ ಕಡಾಹಿ ಪ್ರಸಿದ್ಧ. ಲಾಹೋರಿನ ಲಕ್ಷ್ಮಿ ಚೌಕವೂ ಕಡಾಹಿ ಅಂಗಡಿಗಳಿಗೆ ಹೆಸರುವಾಸಿ. ಜೋರು ಉರಿ, ಕಡಿಮೆ ನೀರು ಈ ಅಡುಗೆಯ ಮೂಲ ತತ್ತ್ವ. ಬಿಳಿ ಕಡಾಹಿ ಇದೇ ಕುಟುಂಬಕ್ಕೆ ಸೇರಿದ್ದು. ಟೊಮೆಟೊ ಜಾಗದಲ್ಲಿ ಮೊಸರು, ಕ್ರೀಮ್ ಬಂದಿವೆ.

ಮೊಸರು ಒಡೆಯುವುದೇಕೆ?

ಮೊಸರು ಎಂಬುದು ಹಾಲಿನ ಪ್ರೊಟೀನ್‌ಗಳ ಜಾಲ. ನೀರು ಮತ್ತು ಕೊಬ್ಬು ಅದರೊಳಗೆ ಸಿಲುಕಿರುತ್ತವೆ. ಏಕಾಏಕಿ ಹೆಚ್ಚು ಶಾಖ ತಗುಲಿದರೆ ಜಾಲ ಕುಗ್ಗಿ ನೀರನ್ನು ಹೊರಗೆ ಹಿಂಡುತ್ತದೆ. ಕೊಬ್ಬು ತೆಗೆದ ಮೊಸರು ಬೇಗನೆ ಒಡೆಯುತ್ತದೆ. ಕ್ರೀಮಿನಲ್ಲಿ ಕೊಬ್ಬು ಹೆಚ್ಚು, ಪ್ರೊಟೀನ್ ಕಡಿಮೆ ಇರುವುದರಿಂದ ಅದು ಶಾಖವನ್ನು ಹೆಚ್ಚು ತಾಳುತ್ತದೆ. ಆದರೆ ಒಮ್ಮೆ ಒಡೆದ ಮೊಸರಿಗೆ ಎಷ್ಟು ಕ್ರೀಮ್ ಸುರಿದರೂ ಕಾಳುಗಳು ಮತ್ತೆ ಕರಗುವುದಿಲ್ಲ. ಆದ್ದರಿಂದ ಎಚ್ಚರ ಮೊದಲೇ ಇರಬೇಕು.

ಬೇಕಾಗುವ ಸಾಮಗ್ರಿ

ಮೂಳೆಸಹಿತ ಕೋಳಿ ಮಾಂಸ 1 ಕಿಲೋ (ಸಣ್ಣ ತುಂಡುಗಳು), ಕೆನೆಭರಿತ ಮೊಸರು 250 ಗ್ರಾಂ, ತಾಜಾ ಕ್ರೀಮ್ 100 ಮಿ.ಲೀ., ಎಣ್ಣೆ ಅಥವಾ ತುಪ್ಪ ಅರ್ಧ ಬಟ್ಟಲು, ಶುಂಠಿ–ಬೆಳ್ಳುಳ್ಳಿ ಪೇಸ್ಟ್ 2 ದೊಡ್ಡ ಚಮಚ, ಸೀಳಿದ ಹಸಿಮೆಣಸಿನಕಾಯಿ 6, ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ಹುರಿದು ಕುಟ್ಟಿದ ಜೀರಿಗೆ ಮತ್ತು ಕೊತ್ತಂಬರಿ ಬೀಜ ತಲಾ 1 ಚಮಚ, ಕಸೂರಿ ಮೇಥಿ, ರುಚಿಗೆ ಉಪ್ಪು.

ಮಾಡುವ ವಿಧಾನ

ಮೊಸರನ್ನು ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರತೆಗೆದು, ಗಂಟಿಲ್ಲದಂತೆ ಕಡೆದಿಡಬೇಕು. ಅಗಲವಾದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಜೋರು ಉರಿಯಲ್ಲಿ ಮಾಂಸವನ್ನು 5–6 ನಿಮಿಷ ಹುರಿಯಬೇಕು. ಶುಂಠಿ–ಬೆಳ್ಳುಳ್ಳಿ ಪೇಸ್ಟ್ ಸೇರಿಸಿ ಹಸಿ ವಾಸನೆ ಹೋಗುವವರೆಗೆ ಬಾಡಿಸಬೇಕು. ಬಳಿಕ ಉರಿಯನ್ನು ಪೂರ್ಣ ತಗ್ಗಿಸಿ ಮೊಸರನ್ನು ಮೂರು–ನಾಲ್ಕು ಕಂತುಗಳಲ್ಲಿ ಹಾಕುತ್ತಾ, ಪ್ರತಿ ಸಲವೂ ಬಿಡದೆ ಕೈಯಾಡಿಸಬೇಕು. ಉಪ್ಪು ಬೆರೆಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಬೇಕು.

ಮುಂದಿನ ಹಂತವೇ ನಿರ್ಣಾಯಕ. ಮುಚ್ಚಳ ತೆಗೆದು, ಕುಟ್ಟಿದ ಮಸಾಲೆ ಹಾಗೂ ಹಸಿಮೆಣಸಿನಕಾಯಿ ಹಾಕಿ, ನೀರಿನಂಶ ಆರಿ ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಜೋರು ಉರಿಯಲ್ಲಿ ಕೆದಕಬೇಕು. ಉರ್ದುವಿನಲ್ಲಿ ಇದಕ್ಕೆ ‘ಭುನಾಯಿ’ ಎನ್ನುತ್ತಾರೆ. ಎಣ್ಣೆ ಬಿಡುವುದನ್ನು ಮೊಸರು ಒಡೆದಿದೆ ಎಂದು ತಪ್ಪು ತಿಳಿಯಬಾರದು. ಒಡೆದಾಗ ತೆಳು ನೀರು, ಬಿಳಿ ಕಾಳು ಕಾಣುತ್ತವೆ. ಭುನಾಯಿಯಲ್ಲಿ ಮಸಾಲೆ ಮಾಂಸಕ್ಕೆ ಅಂಟಿ, ಶುದ್ಧ ಎಣ್ಣೆ ಮಾತ್ರ ಬೇರೆಯಾಗುತ್ತದೆ. ಈ ಹಂತವನ್ನು ಅವಸರದಲ್ಲಿ ಮುಗಿಸಿ ಕ್ರೀಮ್ ಹಾಕಿದರೆ ಮೇಲೋಗರ ಸಪ್ಪೆಯಾಗುತ್ತದೆ. ಕೊನೆಗೆ ಉರಿ ತಗ್ಗಿಸಿ, ಕ್ರೀಮ್, ಕಸೂರಿ ಮೇಥಿ ಬೆರೆಸಿ 2–3 ನಿಮಿಷದಲ್ಲಿ ಇಳಿಸಬೇಕು.

ಎಚ್ಚರಿಕೆ

ಬಿಳಿ ಮೇಲೋಗರದಲ್ಲಿ ಬಣ್ಣ ನೋಡಿ ಮಾಂಸ ಬೆಂದಿದೆಯೇ ಎಂದು ಹೇಳುವುದು ಕಠಿಣ. ಒಳಭಾಗದ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಥರ್ಮಾಮೀಟರ್ ಇಲ್ಲದವರು ದಪ್ಪ ತುಂಡನ್ನು ಮೂಳೆಯವರೆಗೆ ಸೀಳಿ ನೋಡಬೇಕು. ಒಳಗೆ ಹಸಿ ಭಾಗ ಕಂಡರೆ ಇನ್ನಷ್ಟು ಬೇಯಿಸಬೇಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡುವುದು ಸುರಕ್ಷಿತ.

ಪೊಟ್ಟಣದ ಕ್ರೀಮ್ ಸಿಗದಿದ್ದರೆ ಕಾಯಿಸಿದ ಹಾಲಿನ ಕೆನೆಯನ್ನು ನುಣ್ಣಗೆ ಕಡೆದು ಬಳಸಬಹುದು. ನಾನ್ ಅಥವಾ ಬಿಸಿ ಚಪಾತಿ ಇದಕ್ಕೆ ಒಳ್ಳೆಯ ಜೊತೆ.