ಹಾರಿಹೋಗುವ ಗ್ಯಾಸನ್ನು ಹಿಡಿಯುವ ವಿದ್ಯೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಳೆಯ ಮನೆಗಳನ್ನು ಕಟ್ಟಿಸಿದ ಅನೇಕರಿಗೆ ಫ್ಯಾನಿಗೆಂದು ಸೂರಿನಲ್ಲಿ ಒಂದು ಕೊಕ್ಕೆ ಹಾಕಿಸಬೇಕೆಂಬ ಯೋಚನೆಯೂ ಬಂದಿರಲಿಲ್ಲ. ಎತ್ತರದ ಸೂರು, ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ಒಂದು ಮಾವಿನ ಮರ ಇದ್ದರೆ ಬೇಸಿಗೆ ಹೇಗೋ ಕಳೆದುಹೋಗುತ್ತಿತ್ತು. ಈಗ ಅಂಥ ಮನೆಗಳ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳ ಗೋಡೆಗಳಲ್ಲಿ ಎ.ಸಿ.ಯ ಹೊರಪೆಟ್ಟಿಗೆಗಳು ಸಾಲಾಗಿ ಕುಳಿತಿವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಎಂಬುದನ್ನು ನೆನೆದರೆ ಎ.ಸಿ. ಕೊಂಡವರನ್ನು ದೂರುವಂತೆಯೂ ಇಲ್ಲ.

ಆ ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಬರುತ್ತಾರೆ. ಕೊಳವೆಯ ತಿರುಪು ಸಡಿಲಿಸುತ್ತಾರೆ. ‘ಸುಯ್’ ಎಂಬ ಸದ್ದು ಒಂದೆರಡು ನಿಮಿಷ ಕೇಳಿಬರುತ್ತದೆ. ಹಳೆಯ ಗ್ಯಾಸ್ ಹೊರಗೆ, ಹೊಸ ಗ್ಯಾಸ್ ಒಳಗೆ. ಬಣ್ಣವಿಲ್ಲ, ಹೊಗೆಯಿಲ್ಲ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲವಾದ್ದರಿಂದ ಮನೆಯವರು ಅತ್ತ ಗಮನ ಕೊಡುವುದಿಲ್ಲ. ಆದರೆ ಆ ‘ಸುಯ್’ ಎಂದದ್ದು ಏನು? ಅದು ಎಲ್ಲಿಗೆ ಹೋಯಿತು?

ಇಂಜೆಕ್ಷನ್ ಕೊಡುವ ಮುನ್ನ ಕೈಗೆ ಸ್ಪಿರಿಟ್ ಸವರಿದಾಗ ತಣ್ಣಗೆನಿಸುವುದು ಎಲ್ಲರಿಗೂ ಗೊತ್ತು. ಸ್ಪಿರಿಟ್ ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಫ್ರಿಜ್ಜು, ಎ.ಸಿ.ಗಳಲ್ಲಿ ನಡೆಯುವುದೂ ಇದೇ. ಶೀತಕ ದ್ರವವು ಒಳಗಿನ ಕಾಯಿಲ್‌ನಲ್ಲಿ ಕುದಿದು ಆವಿಯಾಗುವಾಗ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಹಿಂದಿನ ಫ್ರಿಜ್ಜುಗಳಲ್ಲಿದ್ದ ಆರ್-12 ಸೊನ್ನೆಗಿಂತ 30 ಡಿಗ್ರಿ ಕೆಳಗೇ ಕುದಿಯುತ್ತಿತ್ತು, ಎ.ಸಿ.ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-22 ಸುಮಾರು 41 ಡಿಗ್ರಿ ಕೆಳಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಎಂಬುದು ನಮ್ಮಲ್ಲಿ ಪ್ರತಿ ಬೇಸಿಗೆಯೂ ಕೇಳಿಬರುವ ಮಾತು. ಶೀತಕವು ಒಲೆಯ ಸೀಮೆಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಗ್ಯಾಸ್ ತುಂಬಿಸುವುದು ತೂತಿನ ಬಿಂದಿಗೆಗೆ ನೀರು ಹೊತ್ತಂತೆ. ಮುಂದಿನ ವರ್ಷ ಮತ್ತೆ ಅದೇ ಖರ್ಚು.

ನೆಲದಿಂದ ಆಕಾಶಕ್ಕೆ

ಆರ್-12 ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚಿನ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ಗಳು ವಿಷಾನಿಲಗಳು. ಬೆಂಕಿ ಹತ್ತದ, ವಿಷವಲ್ಲದ ಕ್ಲೋರೋಫ್ಲೋರೋಕಾರ್ಬನ್ ಎಲ್ಲರಿಗೂ ವರವೆನಿಸಿತು. ಅದರ ದೋಷವೂ ಗುಣದಲ್ಲೇ ಅಡಗಿತ್ತು. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಈ ಅನಿಲ ನೂರು ವರ್ಷ ವಾತಾವರಣದಲ್ಲಿ ಉಳಿದು, ಮೇಲೇರಿ, ನೇರಳಾತೀತ ಕಿರಣಕ್ಕೆ ಸಿಕ್ಕಿ ಕ್ಲೋರಿನ್ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಅದು ಓಜೋನನ್ನು ನಾಶಮಾಡುತ್ತದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿ, 2008ರಲ್ಲಿ ಸಿ.ಎಫ್.ಸಿ. ತಯಾರಿಕೆಯನ್ನು ನಿಲ್ಲಿಸಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಬದಲಿಯಾಗಿ ಬಂದ ಆರ್-134ಎ, ಆರ್-410ಎ ಮೊದಲಾದವು ಓಜೋನಿಗೆ ಹಾನಿ ಮಾಡುವುದಿಲ್ಲ, ನಿಜ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡನ್ನು ಎಷ್ಟೋ ಪಟ್ಟು ಮೀರಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಆರ್-134ಎ ಸುಮಾರು 1,430 ಪಟ್ಟು, ಆರ್-22 ಸುಮಾರು 1,800 ಪಟ್ಟು, ಆರ್-410ಎ ಸುಮಾರು 2,090 ಪಟ್ಟು. ಒಂದು ಎ.ಸಿ.ಯಿಂದ ಒಂದು ಕಿಲೋ ಆರ್-22 ಹೊರಬಿದ್ದರೆ 1,800 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತಾಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಗಾಂಧಿಬಜಾರಿನಿಂದ ಮಲ್ಲೇಶ್ವರಕ್ಕೆ ಒಂದು ದಿನವೂ ಬಿಡದೆ ಐದು ವರ್ಷ ಹೋಗಿಬಂದಷ್ಟು ಹೊಗೆಯನ್ನು ಆ ಎರಡು ನಿಮಿಷದ ‘ಸುಯ್’ ಸರಿಗಟ್ಟುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಹಿಡಿಯುವುದು ಹೇಗೆ?

ತರಬೇತಿಯಲ್ಲಿ ಕಲಿಸುವ ಮೊದಲ ಪಾಠ ಗ್ಯಾಸನ್ನು ಗಾಳಿಗೆ ಬಿಡದಿರುವುದು. ಅದಕ್ಕೆ ಬೇಕಾದದ್ದು ರಿಕವರಿ ಯಂತ್ರ, ಅಂದರೆ ಶೀತಕವನ್ನು ಎಳೆದು, ಒತ್ತಿ, ದ್ರವವಾಗಿಸಿ ಸಿಲಿಂಡರಿಗೆ ತುಂಬುವ ಸಣ್ಣ ಕಂಪ್ರೆಸರ್. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟೇ ತುಂಬಬೇಕು. ನೂರಕ್ಕೆ 80ರಷ್ಟು ತುಂಬಿದೊಡನೆ ನಿಲ್ಲಿಸಬೇಕು. ಬಿಸಿಲಿಗೆ ದ್ರವ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಸಿಲಿಂಡರೇ ಸಿಡಿಯಬಹುದು. ಒಂದು ಸಿಲಿಂಡರಿಗೆ ಒಂದೇ ಜಾತಿಯ ಶೀತಕ. ಎರಡು ಬೆರೆತರೆ ಅದು ಯಾವ ಯಂತ್ರಕ್ಕೂ ಸಲ್ಲದು.

ಬಾಡಿಗೆ ಮನೆ ಬದಲಿಸುವಾಗ ಯಂತ್ರವೂ ಬೇಡದ ಉಪಾಯವೊಂದಿದೆ. ಎ.ಸಿ. ಓಡುತ್ತಿರುವಾಗ ಸಣ್ಣ ಕೊಳವೆಯ ವಾಲ್ವ್ ಮುಚ್ಚಿದರೆ ಗ್ಯಾಸೆಲ್ಲ ಹೊರಪೆಟ್ಟಿಗೆಗೆ ಬಂದು ಸೇರುತ್ತದೆ. ಆಗ ದಪ್ಪ ಕೊಳವೆಯ ವಾಲ್ವ್ ಮುಚ್ಚಿ ಕಂಪ್ರೆಸರ್ ನಿಲ್ಲಿಸಬೇಕು. ಕೊಳವೆ ಬಿಚ್ಚುವುದು ಆಮೇಲೆ. ಈ ಕ್ರಮ ತಪ್ಪಿ, ಓಡುತ್ತಿರುವ ಕಂಪ್ರೆಸರಿಗೆ ಗಾಳಿ ಹೊಕ್ಕರೆ ಅದು ಸ್ಫೋಟಿಸುವುದುಂಟು. ಗ್ಯಾಸ್ ಉಳಿದಿರುವ ಕೊಳವೆಗೆ ಬೆಸುಗೆಯ ಜ್ವಾಲೆ ಹಿಡಿದರೂ ವಿಷದ ಆವಿ ಏಳುತ್ತದೆ. ಹೀಗಾಗಿ ಈ ವಿದ್ಯೆ ಆಕಾಶಕ್ಕಷ್ಟೇ ಅಲ್ಲ, ಕೆಲಸ ಮಾಡುವ ಹುಡುಗನ ಜೀವಕ್ಕೂ ಸಂಬಂಧಿಸಿದ್ದು.

ನಮ್ಮ ಮೆಕ್ಯಾನಿಕ್‌ಗಳಲ್ಲಿ ಬಹಳಷ್ಟು ಮಂದಿ ಅಂಗಡಿಯಲ್ಲಿ ಹಿರಿಯರ ಕೈಕೆಳಗೆ ನೋಡಿ ಕಲಿತವರು. ಅವರ ಕೈಚಳಕಕ್ಕೆ ಕೊರತೆಯಿಲ್ಲ. ಯಾಕೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೆ. ಇದನ್ನು ತುಂಬಲೆಂದೇ ಸಿ.ಎಫ್.ಸಿ. ಕಾಲದಲ್ಲಿ ಕೇಂದ್ರದ ಓಜೋನ್ ಕೋಶ ಜರ್ಮನ್, ಸ್ವಿಸ್ ನೆರವಿನೊಂದಿಗೆ ದೇಶದಲ್ಲಿ ತರಬೇತಿಗಳನ್ನು ನಡೆಸಿತು. 2019ರ ಮಾರ್ಚ್‌ನಲ್ಲಿ ಬಂದ ಭಾರತದ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರ ತರಬೇತಿ ಮತ್ತು ಪ್ರಮಾಣಪತ್ರದ ಗುರಿಯನ್ನು ಇಟ್ಟುಕೊಂಡಿತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ ಎರಡು ವರ್ಷದ ವೃತ್ತಿ ಶಿಕ್ಷಣವಿದೆ. ಇಂಜಿನಿಯರಿಂಗ್ ಒಂದೇ ದಾರಿಯೆಂದು ನಂಬಿದ ತಂದೆತಾಯಿಯರು ಇತ್ತ ಒಮ್ಮೆ ಕಣ್ಣು ಹಾಯಿಸಿದರೆ ತಪ್ಪಿಲ್ಲ.

ಕೆಲಸ ಹೆಚ್ಚಲಿದೆ, ಕಷ್ಟವೂ ಆಗಲಿದೆ. 2025ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಆರ್-22 ಬಳಸುವಂತಿಲ್ಲ. 2030ಕ್ಕೆ ಅದರ ಕಾಲ ಹೆಚ್ಚುಕಡಿಮೆ ಮುಗಿಯುತ್ತದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದ್ದರಿಂದ ಆರ್-410ಎ ಗುಂಪಿನವೂ 2032ರಿಂದ ಹಂತಹಂತವಾಗಿ ಇಳಿಯಬೇಕು. ಹೊಸ ಫ್ರಿಜ್ಜುಗಳಲ್ಲಿರುವ ಐಸೋಬ್ಯುಟೇನ್ ಅಡುಗೆ ಅನಿಲದ ಹತ್ತಿರದ ನೆಂಟ. ಎ.ಸಿ.ಗಳ ಆರ್-32 ಕೂಡ ಸ್ವಲ್ಪಮಟ್ಟಿಗೆ ಉರಿಯಬಲ್ಲದು. ಕಿಡಿ ಹಾರಿಸುವ ಹಳೆಯ ರಿಕವರಿ ಯಂತ್ರವನ್ನು ಇವುಗಳ ಬಳಿ ತರುವಂತಿಲ್ಲ.

ಇಷ್ಟೆಲ್ಲ ಕಲಿತು ಬಂದ ಹುಡುಗನೂ ಮನೆಬಾಗಿಲಲ್ಲಿ ಸೋಲುವುದುಂಟು. ರಿಕವರಿ ಯಂತ್ರ ದುಬಾರಿ, ಭಾರ. ಮೂರನೆಯ ಮಹಡಿಗೆ ಹೊತ್ತೊಯ್ಯಬೇಕು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಅದಕ್ಕೆ ಕೂಲಿ ಕೇಳಿದರೆ ‘ಪಕ್ಕದ ರಸ್ತೆಯವನು ಇದಕ್ಕೆ ಏನೂ ಕೇಳುವುದಿಲ್ಲವಲ್ಲ!’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಿಡಿದ ಗ್ಯಾಸನ್ನು ಶುದ್ಧಿಮಾಡಿ ಮತ್ತೆ ಮಾರುಕಟ್ಟೆಗೆ ತರುವ ಕೇಂದ್ರ ಹತ್ತಿರದಲ್ಲಿಲ್ಲದಿದ್ದರೆ ತುಂಬಿದ ಸಿಲಿಂಡರನ್ನು ಇಡುವುದೆಲ್ಲಿ ಎಂಬ ಚಿಂತೆ ಬೇರೆ. ಇನ್ನು ಹಳೆಯ ಫ್ರಿಜ್ಜು ಗುಜರಿಗೆ ಹೋಯಿತೆಂದರೆ ಅಲ್ಲಿ ಬೆಲೆಯಿರುವುದು ತಾಮ್ರಕ್ಕೆ. ಕೊಳವೆಗೆ ಏಟು ಬೀಳುತ್ತದೆ, ‘ಸುಯ್’ ಎನ್ನುತ್ತದೆ. ಅಲ್ಲಿಗೆ ಯಾವ ತರಬೇತಿಯೂ ಇನ್ನೂ ಸರಿಯಾಗಿ ತಲುಪಿಲ್ಲ.