ಕಬ್ಬಿನ ಟ್ರೇಲರಿಗೆ ತಕ್ಕ ಟ್ರ್ಯಾಕ್ಟರ್

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯವನು ಟ್ರ್ಯಾಕ್ಟರಿನ ವಿಚಾರ ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ‘ಇವನಿಗೇಕೆ ಈ ಉಸಾಬರಿ?’ ಎನ್ನಲೂಬಹುದು. ಮಂಡ್ಯದ ಕಡೆಯ ಕಬ್ಬಿನ ರೈತರ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಗೆ ಯಾವ ಕಾಗದ ಬಂದರೂ ಓದಿ ಅರ್ಥ ಹೇಳುವ ಹೊಣೆ ನನ್ನದು. ಜಮೀನನ್ನು ಅಡವಿಟ್ಟು ಟ್ರ್ಯಾಕ್ಟರ್ ಕೊಳ್ಳಬೇಕೆಂದು ಅಪ್ಪನೂ ಅಣ್ಣನೂ ಈ ವರ್ಷ ನಿಶ್ಚಯಿಸಿದುದರಿಂದ, ಬಣ್ಣಬಣ್ಣದ ವಿವರಪತ್ರಿಕೆಗಳ ಕಟ್ಟು ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿಯೇ ಬಂದು ಕುಳಿತಿತು. ನಮಗೆ ಟ್ರ್ಯಾಕ್ಟರ್ ಬೇಕಾಗಿರುವುದು ಮುಖ್ಯವಾಗಿ ಕಬ್ಬು ಸಾಗಿಸುವುದಕ್ಕೆ. ಉಳುಮೆ ಆಮೇಲಿನ ಮಾತು. ನಮ್ಮ ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿಯೂ ಇದೇ ಚರ್ಚೆ ನಡೆದಿರುವುದರಿಂದ, ಓದಿ ಲೆಕ್ಕ ಹಾಕಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಎಚ್.ಪಿ. ಎಷ್ಟು ಎಂಬುದನ್ನು. ‘ಐವತ್ತು ಎಚ್.ಪಿ. ತಗೊಂಡ್ರೆ ಗುಡ್ಡಾನೂ ಎಳೀತದೆ ಕಣ್ಲಾ’ ಎಂಬುದು ನಮ್ಮ ಸೋದರಮಾವನವರ ವಾದ. ಆದರೆ ಎಚ್.ಪಿ. ಎಂಬುದು ಕೆಲಸ ಎಷ್ಟು ಬೇಗ ನಡೆಯುತ್ತದೆ ಎಂಬುದರ ಅಳತೆ. ೭೫ ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಎತ್ತುವ ಶಕ್ತಿಯೇ ಒಂದು ಎಚ್.ಪಿ. ಈಗ ೮ ಟನ್ ಕಬ್ಬು, ೨ ಟನ್ ತೂಗುವ ಟ್ರೇಲರ್, ೨ ಟನ್ ತೂಗುವ ಟ್ರ್ಯಾಕ್ಟರ್, ಒಟ್ಟು ೧೨ ಟನ್ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ಟಾರು ರಸ್ತೆಯಲ್ಲಿ ಏರಿಗಾಗಿ ೬೦೦ ಕಿಲೋ, ಗಾಲಿ ಉರುಳುವ ತಡೆಗಾಗಿ ಸುಮಾರು ೨೪೦ ಕಿಲೋ, ಅಂತೂ ೮೪೦ ಕಿಲೋ ಎಳೆತ ಬೇಕು. ಈ ಏರನ್ನು ಗಂಟೆಗೆ ೧೫ ಕಿಲೋಮೀಟರ್ ವೇಗದಲ್ಲಿ ಹತ್ತಲು ಗಾಲಿಯ ಬಳಿ ಸುಮಾರು ೪೭ ಎಚ್.ಪಿ. ಬೇಕಾಗುತ್ತದೆ, ೧೦ ಕಿಲೋಮೀಟರ್ ವೇಗಕ್ಕೆ ೩೧ ಸಾಕು. ಅಂದರೆ ಚಿಕ್ಕ ಎಂಜಿನ್ನೂ ಕೆಳಗಿನ ಗೇರಿನಲ್ಲಿ ಅದೇ ಹೊರೆಯನ್ನು ಅದೇ ಏರಿಗೆ ಒಯ್ಯುತ್ತದೆ, ನಿಧಾನವಾಗಿ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವವರಿಗೆ ದಾರಿಯಲ್ಲಿ ಉಳಿಯುವ ಕಾಲು ಗಂಟೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅವರವರೇ ಯೋಚಿಸಬೇಕು.

ಎಂಜಿನ್ನಿಗೆ ಶಕ್ತಿಯಿದ್ದರೂ ಗಾಲಿಗೆ ಹಿಡಿತವಿಲ್ಲದಿದ್ದರೆ ಪ್ರಯೋಜನವಿಲ್ಲ. ೨ ಟನ್ ಟ್ರ್ಯಾಕ್ಟರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು ಸುಮಾರು ೧೩೦೦ ಕಿಲೋ. ಹಸಿ ಮಣ್ಣಿನಲ್ಲಿ ಈ ತೂಕದ ಅರ್ಧದಷ್ಟು ಎಳೆತ ಸಿಕ್ಕರೆ ಪುಣ್ಯ. ಅಂದರೆ ೬೫೦ ಕಿಲೋ. ಮೆತ್ತನೆಯ ಗದ್ದೆಯಲ್ಲಿ ಹತ್ತು ಟನ್ನಿನ ಟ್ರೇಲರ್ ಉರುಳಲು ಸಾವಿರ ಕಿಲೋ ಎಳೆತವಾದರೂ ಬೇಕು. ಹೀಗಿರುವಾಗ ಎಪ್ಪತ್ತೈದು ಎಚ್.ಪಿ. ಇದ್ದರೂ ಗಾಲಿ ಸುತ್ತಿ ಗುಂಡಿ ತೋಡಿಕೊಳ್ಳುವುದೇ ಹೊರತು ಗಾಡಿ ಕದಲುವುದಿಲ್ಲ. ಟೈರಿಗೆ ನೀರು ತುಂಬಿಸುವುದು, ಚಕ್ರಕ್ಕೆ ಎರಕದ ಕಬ್ಬಿಣದ ತೂಕ ಜೋಡಿಸುವುದು, ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರ್ ಕೊಳ್ಳುವುದು, ಇವೆಲ್ಲ ಈ ಹಿಡಿತಕ್ಕಾಗಿಯೇ. ಗದ್ದೆಯೊಳಗೆ ಅರ್ಧ ಹೊರೆ ಹಾಕಿ ಉಳಿದುದನ್ನು ರಸ್ತೆಯಂಚಿನಲ್ಲಿ ತುಂಬುವುದು ಕಾಸು ಖರ್ಚಿಲ್ಲದ ಉಪಾಯ.

ಟ್ರೇಲರಿನ ಜಾತಿಯೂ ಇಲ್ಲಿ ಮುಖ್ಯ. ೧೯೩೩ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಗೆ ನಮ್ಮ ತಾತ ಎತ್ತಿನಗಾಡಿಯಲ್ಲಿ ಕಬ್ಬು ಹೊಡೆದವರು. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಎಳೆಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ ಎಂಬುದು ಅವರ ಕಾಲದ ಗಾಡಿಯವರೆಲ್ಲರಿಗೂ ಗೊತ್ತಿತ್ತು. ಟ್ರ್ಯಾಕ್ಟರಿಗೂ ಇದೇ ನ್ಯಾಯ. ಎರಡು ಚಕ್ರದ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಡ್ರಾಬಾರಿನ ಮೇಲೆ ಹೊರಿಸುವುದರಿಂದ ಹಿಂದಿನ ಚಕ್ರಗಳ ಹಿಡಿತ ಹೆಚ್ಚುತ್ತದೆ. ಆ ಪಾಲು ಮಿತಿಮೀರಿದರೆ ಟ್ರ್ಯಾಕ್ಟರಿನ ಮೂತಿ ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕಬ್ಬನ್ನು ಹಿಂದಕ್ಕೆ ಒತ್ತರಿಸಿ ಪೇರಿಸಿದರೆ ಡ್ರಾಬಾರ್ ಮೇಲಕ್ಕೆ ಎತ್ತಲ್ಪಟ್ಟು ಟ್ರೇಲರ್ ಅತ್ತಿತ್ತ ತೂಗಾಡುತ್ತದೆ. ಅಮೆರಿಕದಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಮನೆಯಂಥ ಗಾಡಿ ಕಟ್ಟಿಕೊಂಡು ಪ್ರವಾಸ ಹೋಗುವವರು ಟ್ರೇಲರಿನ ತೂಕದ ೧೦ರಿಂದ ೧೫ ಶೇಕಡಾ ಕೊಂಡಿಯ ಮೇಲೆ ಬೀಳುವಂತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಡ್ರಾಬಾರ್ ಹೊರಬಲ್ಲ ಭಾರದ ಮಿತಿಯನ್ನು ನೋಡಿಕೊಳ್ಳಬೇಕು. ಹೊರೆಯನ್ನು ಡ್ರಾಬಾರಿಗಲ್ಲದೆ ಮೇಲಿನ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿ ಎಳೆಯುವುದಂತೂ ಆತ್ಮಹತ್ಯೆಗೆ ಸಮಾನ. ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚುತ್ತದೆ.

ನಾನು ಅಣ್ಣನೊಡನೆ ಹೆಚ್ಚು ವಾದಿಸಿದುದು ಬ್ರೇಕಿನ ವಿಷಯದಲ್ಲಿ. ವಿವರಪತ್ರಿಕೆಗಳಲ್ಲಿ ಅದಕ್ಕೆ ಒಂದೇ ಸಾಲು. ಬ್ರೇಕಿಲ್ಲದ ನಾಲ್ಕು ಚಕ್ರದ ಟ್ರೇಲರ್ ಕಟ್ಟಿದ್ದರೆ ಹನ್ನೆರಡು ಟನ್ನನ್ನೂ ನಿಲ್ಲಿಸಬೇಕಾದವು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳು. ಒಣ ಟಾರಿನ ಮೇಲೆ ಅವು ತಡೆಯಬಲ್ಲದ್ದು ಸುಮಾರು ೮೦೦ ಕಿಲೋ. ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿದ್ದರೆ, ಬ್ರೇಕ್ ಹಿಡಿದ ಮೇಲೆ ಸಮತಟ್ಟಿನಲ್ಲಿ ನಿಲ್ಲಲು ಸುಮಾರು ೨೮ ಮೀಟರ್ ಬೇಕು. ಮೇಲೆ ಹೇಳಿದ ಇಳಿಜಾರಿನಲ್ಲಾದರೆ ೬೭ ಮೀಟರ್. ಚಾಲಕ ಕಾಲಿಡುವ ಮುನ್ನ ಕಳೆಯುವ ಒಂದು ಸೆಕೆಂಡಿನಲ್ಲಿ ಇನ್ನೂ ಏಳು ಮೀಟರ್ ಹೋಗಿರುತ್ತದೆ. ಅಷ್ಟು ದೂರದೊಳಗೆ ಶಾಲೆ ಬಿಟ್ಟ ಮಕ್ಕಳು ಅಡ್ಡ ಬರಬಹುದು, ಬಸ್ಸು ನಿಲ್ಲಬಹುದು. ಬಲವಾಗಿ ತುಳಿದು ಗಾಲಿ ಜಾರಿದರೆ ಹಿಂದಿನ ಹತ್ತು ಟನ್ ಟ್ರ್ಯಾಕ್ಟರನ್ನು ಪಕ್ಕಕ್ಕೆ ನೂಕಿ ಮಡಚಿಬಿಡುತ್ತದೆ. ಟ್ರೇಲರಿಗೆ ಅದರದೇ ಬ್ರೇಕ್ ಇದ್ದು ಟ್ರ್ಯಾಕ್ಟರಿನಿಂದಲೇ ಅದನ್ನು ಹಿಡಿಯುವಂತಿದ್ದರೆ, ಹೊರೆ ಹೊತ್ತ ಚಕ್ರಗಳೇ ಹೊರೆಯನ್ನು ತಡೆಯುತ್ತವೆ. ಐದು ಎಚ್.ಪಿ. ಕಡಿಮೆಯಾದರೂ ಚಿಂತೆಯಿಲ್ಲ, ಉಳಿದ ಹಣ ಈ ಬ್ರೇಕಿಗೆ ಹೋಗಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಡೀಸಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಅಭ್ಯಾಸ ನಮ್ಮ ಕಡೆ ಅನೇಕ ಚಾಲಕರಿಗಿದೆ. ಎಂಜಿನ್ನಿನ ತಡೆಯೂ ಆಗ ಕೈಬಿಡುತ್ತದೆ. ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು. ಎಡಬಲದ ಬ್ರೇಕ್ ಪೆಡಲುಗಳೆರಡು ಹೊಲದಲ್ಲಿ ತಿರುಗಲು ಬೇರೆಬೇರೆಯಾಗಿರುವುದು ಸರಿಯೇ. ರಸ್ತೆಗೆ ಬಂದೊಡನೆ ಅವನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಒಂದೇ ಪೆಡಲ್ ತುಳಿದರೆ ಒಂದೇ ಗಾಲಿ ನಿಲ್ಲುತ್ತದೆ, ಗಾಡಿ ಸರ್ರನೆ ತಿರುಗಿಬಿಡುತ್ತದೆ.

ವಿವರಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಕಾಣುವ ‘೧೫೦೦ ಕಿಲೋ’ ಎಂಬುದು ಹಿಂದಿನ ಹೈಡ್ರಾಲಿಕ್ ತೋಳುಗಳು ಎತ್ತುವ ತೂಕ. ಟ್ರೇಲರ್ ಎಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ತಿಳಿಸಿದಾಗ ಸೋದರಮಾವನವರಿಗೆ ನಿರಾಶೆಯಾಯಿತು.

ಸದ್ಯಕ್ಕೆ ಮಾತು ನಲವತ್ತೈದು ಎಚ್.ಪಿ.ಯ ಹತ್ತಿರ ನಿಂತಿದೆ. ಬ್ರೇಕಿರುವ ಟ್ರೇಲರಿಗೆ ಅಪ್ಪ ಒಪ್ಪಿದ್ದಾರೆ. ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಹೊರಚಾಚಿದ ಕಬ್ಬಿನ ತುದಿಗಳು ಹಿಂದಿನ ಕೆಂಪು ದೀಪವನ್ನು ಮುಚ್ಚಿಬಿಡುವುದರಿಂದ, ರಾತ್ರಿ ಹೊರಡುವಾಗಲೆಲ್ಲ ಹೊರೆಯ ಕೊನೆಗೆ ಬೇರೊಂದು ದೀಪವನ್ನೂ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನೂ ಕಟ್ಟಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ಆ ವಿಷಯದಲ್ಲಿ ಮಾತ್ರ ಮನೆಯಲ್ಲಿ ಯಾರದೂ ಎದುರು ಮಾತಿಲ್ಲ.